ಹುಣ್ಣು ಇಬ್ಬರದು, ದೂರು ಒಬ್ಬರಿಗೆ

ಹದಿನಾರನೆಯ ಶತಮಾನದ ವೈದ್ಯ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಹೊಸದೊಂದು ರೋಗವನ್ನು ವರ್ಣಿಸಿ ಅದನ್ನು ‘ಫಿರಂಗ ರೋಗ’ವೆಂದು ಕರೆದ. ಫಿರಂಗಿಯವರ ಸಂಗದಿಂದ ಬಂದದ್ದೆಂಬ ಅರ್ಥ. ಅತ್ತ ಇಂಗ್ಲೆಂಡಿನವರಿಗೆ ಅದು ಫ್ರೆಂಚರ ರೋಗ, ಫ್ರೆಂಚರಿಗೆ ನೇಪಲ್ಸಿನ ರೋಗ. ಇಂದು ಸಿಫಿಲಿಸ್ ಎನಿಸಿಕೊಳ್ಳುವ ಈ ಗುಹ್ಯರೋಗವನ್ನು ಯಾರೂ ತಮ್ಮದೆಂದು ಒಪ್ಪಲಿಲ್ಲ.

ಹೀಗೆ ದೂರುವುದೇ ಕಾನೂನಾದದ್ದೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿ ಮದರಾಸು ಪ್ರಾಂತದ ದೊಡ್ಡ ದಂಡು ಪ್ರದೇಶ. ಸಿಪಾಯಿಗಳಿಗೆ ಈ ರೋಗ ತಗಲುತ್ತಿದ್ದುದರಿಂದ ಅಲ್ಲಿ ‘ಲಾಕ್ ಆಸ್ಪತ್ರೆ’ ನಡೆಯುತ್ತಿತ್ತು. 1864 ಮತ್ತು 1868ರ ಕಾಯ್ದೆಗಳು ವೇಶ್ಯಾವೃತ್ತಿಯ ಹೆಂಗಸರ ನೋಂದಣಿ, ತಪಾಸಣೆಗಳನ್ನು ಕಡ್ಡಾಯ ಮಾಡಿದವು. ರೋಗ ಕಂಡರೆ ಆಸ್ಪತ್ರೆಯಲ್ಲೇ ದಿಗ್ಬಂಧನ. ಅವರಲ್ಲಿಗೆ ಹೋಗುತ್ತಿದ್ದ ಬಿಳಿಯ ಸಿಪಾಯಿಗೆ ಇಂಥ ನೋಂದಣಿಯಿಲ್ಲ, ಸೆರೆಯಿಲ್ಲ. ಇಬ್ಬರ ನಡುವೆ ಹರಿದಾಡುವ ಸೋಂಕಿಗೆ ಒಂದೇ ಬದಿಗೆ ಬೇಲಿ! 1868ರ ಕಾಯ್ದೆ 1888ರಲ್ಲಿ ರದ್ದಾಯಿತು.

ದಂಡು ಹೋದರೂ ದೂರು ಉಳಿಯಿತು. ಹೊಳಲು ಇರುವ ಹಡಗಲಿ ಸೀಮೆ, ಕೂಡ್ಲಿಗಿ, ಹರಪನಹಳ್ಳಿಗಳಲ್ಲಿ ಅದು ಮುತ್ತು ಕಟ್ಟಿಸಿಕೊಂಡ ದೇವದಾಸಿಯರ ತಲೆಗೆ ಬಂತು. 1953ರವರೆಗೆ ಮದರಾಸಿನಲ್ಲಿದ್ದ ಈ ತಾಲ್ಲೂಕುಗಳಿಗೆ 1947ರಲ್ಲೇ ದೇವದಾಸಿ ನಿಷೇಧ ಕಾಯ್ದೆ ಬಂದಿತ್ತು. 1982ರಲ್ಲಿ ಕರ್ನಾಟಕವೂ ಕಾಯ್ದೆ ಮಾಡಿತು. ಆದರೂ ಪದ್ಧತಿ ಬೇಗ ಅಳಿಯಲಿಲ್ಲ. ಬಡತನದಿಂದ ಮುತ್ತು ಕಟ್ಟಿಸಿಕೊಂಡ ಹುಡುಗಿ, ಬಂದವನಿಗೆ ‘ನಿರೋಧ್ ಬಳಸು’ ಎಂದು ಹೇಳಬಲ್ಲಳೇ? ಇಲ್ಲಿ ಅಪಾಯ ಅವಳ ಸ್ವಭಾವದಲ್ಲಲ್ಲ, ಅವಳ ಅಸಹಾಯಕತೆಯಲ್ಲಿದೆ.

ವೈದ್ಯಶಾಸ್ತ್ರ ನೋಡುವುದು ಜಾತಿಯನ್ನಲ್ಲ, ಸಂಪರ್ಕವನ್ನು. ಹಲವರ ಸಂಗ, ನಿರೋಧ್ ಬಳಸದಿರುವುದು, ಹಿಂದೆ ಬಂದ ಗುಹ್ಯರೋಗ, ಜೊತೆಗಾರರ ಸೋಂಕು — ಇವು ಅಪಾಯದ ಮುಖ್ಯ ಕಾರಣಗಳು. ಕೊನೆಯದು ಅತಿ ಕಠಿಣ. ಗುಳೆ ಹೋದ ಗಂಡ ಸೋಂಕು ತಂದರೆ, ಮನೆಯ ಹೊಸ್ತಿಲು ದಾಟದ ಹೆಂಡತಿಗೂ ತಪ್ಪಿದ್ದಲ್ಲ.

ರೋಗವೂ ಮೋಸಗಾರನೇ. ಸುಮಾರು ಮೂರು ವಾರಕ್ಕೆ ಏಳುವ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಮದ್ದಿಲ್ಲದೆಯೂ ಮಾಯುತ್ತದೆ. ‘ವಾಸಿಯಾಯಿತು’ ಎಂದು ಸುಮ್ಮನಾದವರ ಮೈಯಲ್ಲಿ ಅದು ಅಡಗಿದ್ದು, ವರ್ಷಗಳ ಮೇಲೆ ಹೃದಯ, ಮಿದುಳುಗಳಿಗೆ ಕೈಹಾಕಬಹುದು. ಬಸುರಿಗಿದ್ದರೆ ಗರ್ಭ ನಷ್ಟವಾಗಬಹುದು, ಕೂಸಿಗೂ ತಗಲಬಹುದು. ಹುಣ್ಣಿದ್ದಾಗ ಎಚ್‌ಐವಿ ಅಂಟುವುದೂ ಸುಲಭ.

ಸಮಾಧಾನದ ಮಾತೆಂದರೆ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. 1943ರಿಂದ ಇದಕ್ಕೆ ಪೆನಿಸಿಲಿನ್ ಮದ್ದಾಗಿದೆ. ಆದರೆ ಒಬ್ಬರಿಗೇ ಚುಚ್ಚುಮದ್ದು ಹಾಕಿಸಿ ಮತ್ತೊಬ್ಬರನ್ನು ಬಿಟ್ಟರೆ ಸೋಂಕು ಮರಳಿ ಬರುತ್ತದೆ. ಬಳ್ಳಾರಿಯ ಲಾಕ್ ಆಸ್ಪತ್ರೆ ಮರೆತದ್ದು ಇದನ್ನೇ. ಗಂಡುಹೆಣ್ಣು ಇಬ್ಬರೂ ಕೂಡಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು.