ಮಳೆ ನೀರಿಗೂ ಒಂದು ಲೆಡ್ಜರ್

ಯುಗಾದಿಯ ಹಿಂದಿನ ದಿನ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿರುವ ಮಗಳ ಮನೆಗೆ ನಾವು ಬಂದು ಎಂಟು ದಿನವಾಗಿತ್ತಷ್ಟೆ. ನನ್ನಾಕೆ ಒಳಗೆ ಹೋಳಿಗೆಗೆ ಬೇಳೆ ಬೇಯಲಿಟ್ಟಿದ್ದಳು. ಸುಮ್ಮನೆ ಕೂತು ಅಭ್ಯಾಸವಿಲ್ಲದ ನಾನು, ಮನೆ ಮುಂದಿನ ಮೆಟ್ಟಿಲು ತೊಳೆದರೆ ರಂಗೋಲಿಗಾದರೂ ಆಗುತ್ತದೆ ಎಂದುಕೊಂಡು ಬಕೆಟ್ಟಿಗೆ ಸೋಪಿನ ಪುಡಿ ಕಲಸಿ, ಪಂಚೆ ಮೇಲೆ ಕಟ್ಟಿ ಉಜ್ಜತೊಡಗಿದೆ. ನೊರೆ ನೀರು ಇಳಿಜಾರಿನಲ್ಲಿ ಹರಿದು, ರಸ್ತೆ ಬದಿಯ ಕಬ್ಬಿಣದ ಜಾಲರಿಯೊಳಗೆ ಜುಳುಜುಳು ಇಳಿಯಿತು.

ಒಂಬತ್ತು ವರ್ಷದ ಮೊಮ್ಮಗಳು ಸೈಕಲ್ ಬಿಸಾಡಿ ಓಡಿಬಂದಳು. "ತಾತಾ! ಬೇಡ! ಅದು ಬೇಗೆ ಹೋಗುತ್ತೆ!"

"ಬೇಗ ಹೋದರೆ ಒಳ್ಳೇದೇ ಅಲ್ವೇನೆ?" ಎಂದೆ ನಾನು.

"ಬೇಗ ಅಲ್ಲ ತಾತ, ಬೇ! ಚೆಸಪೀಕ್ ಬೇ!" ಎಂದು ಕೈ ಹಿಡಿದು ಎಳೆದುಕೊಂಡು ಹೋಗಿ ಜಾಲರಿಯ ಪಕ್ಕದ ಬರಹ ತೋರಿಸಿದಳು. 'ಇಲ್ಲಿ ಏನನ್ನೂ ಸುರಿಯಬೇಡಿ, ಇದು ಚೆಸಪೀಕ್ ಕೊಲ್ಲಿಗೆ ಹೋಗುತ್ತದೆ' ಎಂಬ ಅರ್ಥದ ಇಂಗ್ಲಿಷ್ ಸಾಲು. ಎದುರು ಮನೆಯ ಅಮೆರಿಕನ್ ಹೆಂಗಸು ನಾಯಿ ಹಿಡಿದು ನಿಂತು ನಮ್ಮನ್ನೇ ನೋಡುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಮೂರನೇ ಕ್ಲಾಸಿನ ಹುಡುಗಿಯಿಂದ ಬೀದಿಯಲ್ಲಿ ಬೈಸಿಕೊಳ್ಳುವುದು ಅಷ್ಟೇನೂ ಸುಖದ ಸಂಗತಿಯಲ್ಲ. ಬಕೆಟ್ ಎತ್ತಿಕೊಂಡು ಒಳಗೆ ಬಂದೆ.

ಮನೆಯ ಬಚ್ಚಲು, ಪಾಯಿಖಾನೆ, ಅಡುಗೆಮನೆಯ ನೀರು ಒಂದು ಕೊಳವೆಯಲ್ಲಿ ಹೋಗಿ ಶುದ್ಧೀಕರಣ ಘಟಕ ಸೇರುತ್ತದೆ. ರಸ್ತೆಯ ಮೇಲೆ ಬಿದ್ದ ಮಳೆ ನೀರಿಗೆ ಬೇರೆಯೇ ಕೊಳವೆ. ಅದು ಯಾವ ಘಟಕಕ್ಕೂ ಹೋಗದೆ ಹತ್ತಿರದ ಹಳ್ಳಕ್ಕೆ, ಹಳ್ಳದಿಂದ ನದಿಗೆ, ನದಿಯಿಂದ ಕೊಲ್ಲಿಗೆ ಸೇರುತ್ತದೆ. ಮಳೆ ನೀರು ತಾನೆ, ಅದರಲ್ಲೇನಿದೆ ಕೊಳೆ ಎಂದು ನಾನು ಕೇಳಿದೆ. ಎಲ್ಲರೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದರಂತೆ. ಆದರೆ ಮೊದಲ ಮಳೆ ಊರನ್ನೆಲ್ಲ ಕಸಬರಿಕೆಯಂತೆ ಗುಡಿಸಿಕೊಂಡು ಹೋಗುತ್ತದೆ. ಹುಲ್ಲಿಗೆ ಹಾಕಿದ ಗೊಬ್ಬರ, ನಾಯಿಯ ಹೇಲು, ಉದುರಿದ ಎಲೆ, ಸಡಿಲ ಮಣ್ಣು, ವಾಹನದ ಹೊಗೆಯಿಂದ ಇಳಿದು ಕೂತದ್ದು, ಎಲ್ಲವೂ ಅದರ ಜೊತೆ ಹೊರಡುತ್ತವೆ. ಇವುಗಳಲ್ಲಿ ಇರುವ ಎರಡು ವಸ್ತುಗಳೇ ಈ ಕಥೆಯ ಖಳನಾಯಕರು: ಸಾರಜನಕ ಮತ್ತು ರಂಜಕ.

ಖಳನಾಯಕರು ಎಂದೆ, ಆದರೆ ನಿಜವಾಗಿ ಇಬ್ಬರೂ ಅನ್ನದಾತರು. ನಮ್ಮ ಊರಿನಲ್ಲಿ ರೈತರು ಕೊಳ್ಳುವ ಡಿಎಪಿ ಚೀಲದ ಮೇಲೆ 18-46-0 ಎಂದಿರುತ್ತದಲ್ಲ, ಮೊದಲ ಸಂಖ್ಯೆ ಸಾರಜನಕದ್ದು, ಮಧ್ಯದ್ದು ರಂಜಕದ್ದು, ಕೊನೆಯದು ಪೊಟ್ಯಾಷಿನದು. ಪೈರಿಗೆ ಯಾವುದು ಊಟವೋ ನೀರಿನ ಪಾಚಿಗೂ ಅದೇ ಊಟ. ಊಟ ಹೆಚ್ಚಾದರೆ ಪಾಚಿ ಹಬ್ಬಿ ನೀರನ್ನೆಲ್ಲ ಮುಚ್ಚುತ್ತದೆ. ಬಿಸಿಲು ತಳಕ್ಕಿಳಿಯದೆ ಒಳಗಿನ ಹುಲ್ಲು ಸಾಯುತ್ತದೆ. ಆಮೇಲೆ ಪಾಚಿಯೂ ಸತ್ತು ತಳ ಸೇರಿ ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನಿಗೆ ಉಸಿರಿಲ್ಲ, ಏಡಿಗೆ ಉಸಿರಿಲ್ಲ. ಬೇಸಿಗೆಯಲ್ಲಿ ಚೆಸಪೀಕ್‌ನ ಆಳದಲ್ಲಿ ಹೀಗೆ ಉಸಿರಿಲ್ಲದ ಪ್ರದೇಶ ಉಂಟಾಗುತ್ತದೆ. ಅದಕ್ಕೆ ಅವರು ಇಟ್ಟಿರುವ ಹೆಸರೇ ಸತ್ತ ವಲಯ.

ಇದಕ್ಕೆ ಸಾಕ್ಷಿ ಬೇಕೆಂದವರಿಗೆ 1973ರಲ್ಲಿ ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತವರ ತಂಡ ಒಂದು ಸೊಗಸಾದ ಪ್ರಯೋಗ ಮಾಡಿ ತೋರಿಸಿದರು. ಒಂಟಾರಿಯೊ ಪ್ರಾಂತ್ಯದ ಕಾಡಿನಲ್ಲಿ 226ನೇ ನಂಬರಿನ ಕೆರೆ. ಅದರ ಕಿರಿದಾದ ನಡುವಿಗೆ ಒಂದು ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡೂ ಕಡೆಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಹಸಿರು ಗಂಜಿಯಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರವನ್ನು ಅಳಿಯ ತೋರಿಸಿದಾಗ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಸಿಹಿನೀರಿನ ಕೆರೆಗೆ ರಂಜಕವೇ ಮುಖ್ಯ ತಂಟೆಕೋರ. ಉಪ್ಪು ನೀರು ಬೆರೆತ ಚೆಸಪೀಕ್‌ನಂಥ ಕಡೆ ಸಾರಜನಕದ ಕೈವಾಡವೂ ದೊಡ್ಡದು.

ಈಗ ನನ್ನ ಕಸುಬಿಗೆ ಹತ್ತಿರವಾದ ಭಾಗಕ್ಕೆ ಬರುತ್ತೇನೆ. ಚೆಸಪೀಕ್ ಕೊಲ್ಲಿ ಸುಮಾರು 320 ಕಿಲೋಮೀಟರ್ ಉದ್ದ. ಆದರೆ ಸರಾಸರಿ ಆಳ ಬರೀ ಆರೂವರೆ ಮೀಟರ್. ಅದಕ್ಕೆ ನೀರು ಹರಿಸುವ ನೆಲ 1,65,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕಕ್ಕಿಂತ ಸ್ವಲ್ಪ ಕಡಿಮೆ. ಆರು ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ನಿನ ನೀರು ಅಲ್ಲಿಗೆ ಬರುತ್ತದೆ. ಶುಚಿ ಮಾಡೋಣ ಎಂದು 1983ರಲ್ಲಿ ಒಂದು ಒಪ್ಪಂದವಾಯಿತು. 1987ರಲ್ಲಿ ಇನ್ನೊಂದು: 2000ದ ಹೊತ್ತಿಗೆ ಪೋಷಕಾಂಶಗಳನ್ನು ನೂರಕ್ಕೆ ನಲವತ್ತು ಇಳಿಸುತ್ತೇವೆ ಎಂದು. ಆಗಲಿಲ್ಲ. 2000ದಲ್ಲಿ ಮತ್ತೊಂದು ಒಪ್ಪಂದ. ಅದೂ ಕೈಗೂಡಲಿಲ್ಲ. ನಮ್ಮ ಬ್ಯಾಂಕಿನ ಮ್ಯಾನೇಜರುಗಳ ಸಭೆ ನೆನಪಾಯಿತು. ಏಪ್ರಿಲ್‌ನಲ್ಲಿ ಠೇವಣಿ ಗುರಿಗೆ ಎಲ್ಲರೂ ಕೈ ಎತ್ತುವವರೇ. ಮಾರ್ಚ್‌ನಲ್ಲಿ ಕೇಳಿದರೆ ಎಲ್ಲರ ದೃಷ್ಟಿಯೂ ನೆಲದ ಮೇಲೆ.

ಕೊನೆಗೆ 2010ರ ಡಿಸೆಂಬರಿನಲ್ಲಿ ಕೇಂದ್ರದ ಪರಿಸರ ಸಂಸ್ಥೆ ಕೊಲ್ಲಿಗೇ ಒಂದು ಮಿತಿ ನಿಗದಿ ಮಾಡಿತು. ಓವರ್‌ಡ್ರಾಫ್ಟ್ ಲಿಮಿಟ್ ಇದ್ದ ಹಾಗೆ. ವರ್ಷಕ್ಕೆ ಸಾರಜನಕ ಸುಮಾರು 8.4 ಕೋಟಿ ಕಿಲೋ, ರಂಜಕ ಸುಮಾರು 57 ಲಕ್ಷ ಕಿಲೋ, ಅದಕ್ಕಿಂತ ಹೆಚ್ಚು ಬರಕೂಡದು. ಆ ಮೊತ್ತವನ್ನು ರಾಜ್ಯಗಳಿಗೆ, ನದಿಗಳಿಗೆ, ಕೃಷಿ, ಚರಂಡಿ, ಮಳೆ ನೀರು ಎಂದು ಒಂದೊಂದು ಖಾತೆಗೆ ಹಂಚಿದರು. 2025ರೊಳಗೆ ಬೇಕಾದ ಕೆಲಸಗಳೆಲ್ಲ ಮುಗಿಯಬೇಕೆಂಬ ಗಡುವು. ರೈತ ಸಂಘಟನೆಗಳು ಕೋರ್ಟಿಗೆ ಹೋದವು, ಸೋತವು. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅರ್ಜಿ ಕೇಳಲೂ ಒಪ್ಪಲಿಲ್ಲ. ಕೊಳಚೆ ಶುದ್ಧೀಕರಣ ಘಟಕಗಳು ತಮ್ಮ ಪಾಲಿನ ಗುರಿಯನ್ನು ಹತ್ತು ವರ್ಷ ಮೊದಲೇ ಮುಟ್ಟಿದವು. ಹಿಂದೆ ಬಿದ್ದದ್ದು ಕೃಷಿ ಮತ್ತು ಮಳೆ ನೀರು. ಗಡುವು ಬಂದಾಗಲೂ ಲೆಕ್ಕ ಪೂರ್ತಿ ಹೊಂದಲಿಲ್ಲ.

ಮಳೆ ನೀರಿನ ಖಾತೆ ಏಕೆ ಹೊಂದುವುದಿಲ್ಲ ಎಂದರೆ, ಅದಕ್ಕೆ ಒಂದು ಬಾಯಿ ಇಲ್ಲ, ಸಾವಿರ ಬಾಯಿ. ಹೊಸ ಮನೆ, ಹೊಸ ಮಾಲ್, ಹೊಸ ಪಾರ್ಕಿಂಗ್ ಬಂದಂತೆಲ್ಲ ನೀರು ಇಂಗುವ ನೆಲ ಕಡಿಮೆಯಾಗುತ್ತದೆ. ಅದಕ್ಕೇ ಮೇರಿಲ್ಯಾಂಡ್ 2007ರಲ್ಲಿ ಒಂದು ಕಾನೂನು ತಂದಿತು. ಹೊಸದಾಗಿ ಕಟ್ಟುವವರು, ಅಲ್ಲಿ ಒಳ್ಳೆಯ ಕಾಡಿದ್ದರೆ ಮಳೆ ನೀರು ಹೇಗೆ ಹರಿಯುತ್ತಿತ್ತೋ ಆದಷ್ಟು ಮಟ್ಟಿಗೆ ಹಾಗೇ ಹರಿಯುವಂತೆ ಕಟ್ಟಬೇಕು. ಮಗಳ ಬಡಾವಣೆಯ ಶಾಲೆಯ ಪಾರ್ಕಿಂಗ್ ಪಕ್ಕದಲ್ಲಿ ಒಂದು ತಗ್ಗು ತೋಟವಿದೆ. ನಾನು ಗುಂಡಿ ಮುಚ್ಚಲು ಮರೆತಿದ್ದಾರೆ ಎಂದುಕೊಂಡಿದ್ದೆ. ಅದು ಬೇಕೆಂದೇ ಮಾಡಿದ ಮಳೆತೋಟ. ಮೇಲೆ ಗಿಡ, ಕೆಳಗೆ ಮರಳು ಬೆರೆತ ಮಣ್ಣು, ಅದರ ಕೆಳಗೆ ಜಲ್ಲಿ. ರಂಜಕ ಮಣ್ಣಿನ ಕಣಕ್ಕೆ ಅಂಟಿ ಅಲ್ಲೇ ನಿಲ್ಲುತ್ತದೆ. ಸಾರಜನಕದಲ್ಲಿ ಒಂದಷ್ಟನ್ನು ಗಿಡ ಹೀರುತ್ತದೆ. ತಳದಲ್ಲಿ ನೀರು ನಿಂತು ಗಾಳಿಯಾಡದ ಕಡೆ ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು, ಸಾರಜನಕವನ್ನು ಅನಿಲವಾಗಿ ಗಾಳಿಗೇ ಮರಳಿಸುತ್ತವೆ. ವಿದ್ಯುತ್ತಿಲ್ಲ, ಪಂಪಿಲ್ಲ. ಆದರೆ ಆಗಾಗ ಹೂಳು ಕೆರೆದು ತೆಗೆಯದಿದ್ದರೆ ಎರಡು ವರ್ಷದಲ್ಲಿ ಅದು ನಿಜವಾಗಿಯೂ ಬರೀ ಗುಂಡಿಯೇ.

ದುಡ್ಡು? ಅಳಿಯ ಒಂದು ಸಂಜೆ ಆಸ್ತಿ ತೆರಿಗೆಯ ಬಿಲ್ಲು ತಂದು ಮುಂದಿಟ್ಟ. "ನೋಡಿ ಮಾವ, ಮಳೆಗೂ ದುಡ್ಡು ಕಟ್ಟಬೇಕು ಇಲ್ಲಿ." ನೀರಿನ ಗುಣಮಟ್ಟ ಕಾಪಾಡುವ ಶುಲ್ಕ ಎಂಬ ಒಂದು ಸಾಲು. ಚಾವಣಿ, ಕಾಂಕ್ರೀಟು ಸೇರಿ ಮನೆಯವರು ನೆಲವನ್ನೆಷ್ಟು ಮುಚ್ಚಿದ್ದಾರೆ ಎಂಬುದರ ಮೇಲೆ ಆ ಲೆಕ್ಕ. 2012ರಲ್ಲಿ ರಾಜ್ಯದ ಹತ್ತು ದೊಡ್ಡ ಸ್ಥಳೀಯ ಆಡಳಿತಗಳಿಗೆ ಇಂಥ ಶುಲ್ಕವನ್ನು ಕಡ್ಡಾಯ ಮಾಡಿದಾಗ ಜನ ಅದನ್ನು 'ಮಳೆ ತೆರಿಗೆ' ಎಂದು ಗೇಲಿ ಮಾಡಿದರು. 2014ರ ಗವರ್ನರ್ ಚುನಾವಣೆಯಲ್ಲಿ ಅದೇ ದೊಡ್ಡ ಮಾತಾಯಿತು. 2015ರಲ್ಲಿ ಕಡ್ಡಾಯ ತೆಗೆದರು. ಆದರೆ ಮಳೆ ನೀರು ಶುಚಿ ಮಾಡುವ ಹೊಣೆ ತೆಗೆಯಲಿಲ್ಲ. ದುಡ್ಡು ಎಲ್ಲಿಂದ ತರುತ್ತೀರೋ ನೀವೇ ನೋಡಿಕೊಳ್ಳಿ ಎಂದರು. ಮಗಳ ಕೌಂಟಿ ಶುಲ್ಕವನ್ನು ಉಳಿಸಿಕೊಂಡಿದೆ. ಮೊದಲು ನಾನೂ ಅಳಿಯನ ಪಕ್ಷವೇ. ಆಮೇಲೆ ಯೋಚಿಸಿದರೆ, ನೆಲ ಮುಚ್ಚಿದವನು ತೆರುವುದು ನ್ಯಾಯವೆಂದೇ ತೋರಿತು. ಇದನ್ನು ಅವನೆದುರು ಹೇಳಲಿಲ್ಲ.

ಒಂದು ಭಾನುವಾರ ಮೊಮ್ಮಗಳ ಒತ್ತಾಯಕ್ಕೆ ಬಾಲ್ಟಿಮೋರ್ ಬಂದರಿಗೆ ಹೋದೆವು. ಅಲ್ಲಿ ಜೋನ್ಸ್ ಫಾಲ್ಸ್ ಎಂಬ ಹೊಳೆಯ ಬಾಯಲ್ಲಿ ಎರಡು ದೊಡ್ಡ ಗುಂಡು ಕಣ್ಣುಗಳ 'ಮಿಸ್ಟರ್ ಟ್ರ್ಯಾಶ್ ವೀಲ್' ಕೂತಿದ್ದಾನೆ. ಹೊಳೆಯ ಹರಿವು ಮತ್ತು ಬಿಸಿಲಿನ ಬಲದಿಂದ ತಿರುಗುವ ಚಕ್ರ. 2014ರಿಂದ ಮಳೆ ನೀರು ಹೊತ್ತು ತಂದ ಕಸವನ್ನೆಲ್ಲ ಬಾಯಿಂದ ಎಳೆದು ತೊಟ್ಟಿಗೆ ಹಾಕುತ್ತಿದ್ದಾನೆ. ಒಮ್ಮೆ ಜೀವಂತ ಹೆಬ್ಬಾವೂ ಸಿಕ್ಕಿತ್ತು! ಆದರೆ ನೀರಿನಲ್ಲಿ ಕರಗಿದ ಸಾರಜನಕವನ್ನು ಅವನ ಬಾಯಿ ಹಿಡಿಯಲಾರದು. ಆ ಕೆಲಸದಲ್ಲಿ ಹಿಂದೆ ನೆರವಾಗುತ್ತಿದ್ದವು ಆಯ್‌ಸ್ಟರ್ ಎಂಬ ಸಿಂಪಿಗಳು. ಬೆಳೆದ ಒಂದು ಸಿಂಪಿ ದಿನಕ್ಕೆ 190 ಲೀಟರ್‌ವರೆಗೆ ನೀರು ಸೋಸಿ ಪಾಚಿ ತಿನ್ನಬಲ್ಲದು. ಒಂದು ಕಾಲಕ್ಕೆ ಒಂದೇ ವಾರದೊಳಗೆ ಇಡೀ ಕೊಲ್ಲಿಯನ್ನು ಸೋಸುವಷ್ಟು ಸಿಂಪಿಗಳಿದ್ದವೆಂದು ವಿಜ್ಞಾನಿಗಳ ಅಂದಾಜು. ಹಿಡಿದು ತಿಂದು, ರೋಗ ಬಂದು, ಈಗ ಉಳಿದಿರುವವಕ್ಕೆ ಅದೇ ಕೆಲಸಕ್ಕೆ ಎಷ್ಟೋ ಹೆಚ್ಚು ಕಾಲ ಬೇಕು.

ದಾರಿಯಲ್ಲಿ ಗುಲಾಬಿ ಕುಂಡಕ್ಕೆಂದು ಗೊಬ್ಬರ ಕೊಳ್ಳಲು ಅಂಗಡಿಗೆ ಹೊಕ್ಕೆ. ಹುಲ್ಲಿನ ಗೊಬ್ಬರದ ಚೀಲಗಳನ್ನು ಸಾಲಾಗಿ ಜೋಡಿಸಿದ್ದರು. ನೋಡಿದ ಚೀಲದಲ್ಲೆಲ್ಲ ಮಧ್ಯದ ಸಂಖ್ಯೆ ಸೊನ್ನೆ. ಮುದ್ರಣದ ತಪ್ಪೇ ಎಂದು ಕನ್ನಡಕ ಒರೆಸಿಕೊಂಡೆ. 2011ರ ಕಾನೂನಂತೆ. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಹೊರತು ಹುಲ್ಲಿಗೆ ರಂಜಕ ಹಾಕಕೂಡದು. ನವೆಂಬರ್ ಮಧ್ಯದಿಂದ ಮಾರ್ಚ್ 1ರವರೆಗೆ ಗೊಬ್ಬರವೇ ಕೂಡದು. ಜೋರು ಮಳೆಯ ಮುನ್ಸೂಚನೆ ಇದ್ದಾಗಲೂ ಕೂಡದು. "ಮಧ್ಯದ ನಂಬರ್ ಝೀರೋ ಇರಬೇಕು ತಾತ" ಎಂದು ಮೊಮ್ಮಗಳು ಎಲ್ಲ ತಿಳಿದವಳಂತೆ ಹೇಳಿದಳು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾರಣವನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಬೆಂಗಳೂರಿನಲ್ಲಿ ನಾವಿರುವುದು ಅರವತ್ತು ಮನೆಗಳ ಅಪಾರ್ಟ್‌ಮೆಂಟು. ಹಿಂದೆಯೇ ರಾಜಕಾಲುವೆ. ರಾಜಕಾಲುವೆ ಇರುವುದು ಮಳೆ ನೀರನ್ನು ಕೆರೆಯಿಂದ ಕೆರೆಗೆ ಒಯ್ಯಲು. ಅದರಲ್ಲಿ ಬೇಸಿಗೆಯಲ್ಲೂ ಕಪ್ಪು ನೀರು ಹರಿಯುತ್ತದೆಂದರೆ ಎಲ್ಲಿಂದ ಬಂತು? ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2015, 2017, 2018ರಲ್ಲಿ ಆ ಕೆರೆಗೆ ಬೆಂಕಿ ಬಿದ್ದದ್ದನ್ನೂ ಟಿವಿಯಲ್ಲಿ ನೋಡಿ ಸರ್ಕಾರವನ್ನು ಬಾಯ್ತುಂಬ ಬೈದವನು ನಾನು. ಅದೇ ಹೊತ್ತಿನಲ್ಲಿ ನಾಲ್ಕು ವರ್ಷ ನಮ್ಮ ಸಂಘದ ಖಜಾಂಚಿಯಾಗಿದ್ದವನೂ ನಾನೇ. ನಮ್ಮ ಎಸ್‌ಟಿಪಿಯಲ್ಲಿ ಗಾಳಿಯೂದುವ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ಗಾಳಿಯಿಲ್ಲದಿದ್ದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ. ಕರೆಂಟು ಬಿಲ್ಲು ನೋಡಿ, ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ಸಾಕು ಎಂದು ಸಮಿತಿಯಲ್ಲಿ ಸೂಚಿಸಿದ್ದು ನಾನು. ಉಳಿದ ನೀರು ಹಿಂದಿನ ಮೋರಿಯ ಮೂಲಕ ಕಾಲುವೆಗೆ. ವಾರ್ಷಿಕ ವರದಿಯಲ್ಲಿ ಅದನ್ನು 'ಉಳಿತಾಯ' ಎಂಬ ತಲೆಬರಹದಡಿ ನನ್ನ ಕೈಯಾರೆ ಬರೆದೆ. ಸಭೆ ಚಪ್ಪಾಳೆ ತಟ್ಟಿತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಒಂದು ಪೈಸೆ ತಪ್ಪು ಖಾತೆಗೆ ಹಾಕಿದವನಲ್ಲ. ಇದೊಂದು ಖರ್ಚನ್ನು ಮಾತ್ರ ಕೆಳಗಿನ ಕೆರೆಯ ಖಾತೆಗೆ ದಾಟಿಸಿದ್ದೆ.

ಊರಿಗೆ ಮರಳಿದ ಮೇಲೆ ಸಂಘಕ್ಕೆ ಎರಡು ಪುಟದ ಪತ್ರ ಬರೆದೆ. ದೊಡ್ಡ ನಗರಗಳ ಘಟಕಗಳಿಂದ ಹೊರಬೀಳುವ ನೀರಿನಲ್ಲಿ ಸಾರಜನಕ ಲೀಟರಿಗೆ 10 ಮಿಲಿಗ್ರಾಂ, ಕೆರೆಗೆ ಹೋಗುವುದಾದರೆ ರಂಜಕ 1 ಮಿಲಿಗ್ರಾಂ ಮೀರಬಾರದೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು ಸೇರಿಸಿದೆ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆ ಸೇರುವುದನ್ನು ಬೇಕಾದವರು ಹೋಗಿ ನೋಡಿ ಎಂದೆ. ಸಭೆಯಲ್ಲಿ ಒಬ್ಬರು, "ಏನ್ ಸಾರ್, ನೀವೇ ನಿಲ್ಲಿಸಿದ್ದು, ಈಗ ನೀವೇ ಉಪದೇಶ" ಎಂದರು. ಹೌದು, ನಿಲ್ಲಿಸಿದ್ದು ನಾನೇ ಎಂದೆ. ಬೇರೇನು ಹೇಳಲಿ? ಮನೆಗೆ ತಿಂಗಳಿಗೆ 180 ರೂಪಾಯಿ ಹೆಚ್ಚು. ಪರ 31, ವಿರೋಧ 22. ಮೂರನೇ ಮಹಡಿಯ ಒಬ್ಬರು ಈಗಲೂ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಫೋನು ನೋಡುತ್ತಾರೆ.

ಬ್ಲೋವರ್ ಈಗ ಇಪ್ಪತ್ತನಾಲ್ಕು ಗಂಟೆ ಓಡುತ್ತಿದೆ. ವಾಸನೆ ಇಳಿಯಿತು. ಆದರೆ ರಂಜಕ ಬರೀ ಗಾಳಿಗೆ ಬಗ್ಗುವುದಿಲ್ಲ. ಮೊದಲ ಪರೀಕ್ಷೆಯಲ್ಲಿ 4.6 ಬಂತು. ಪಟಿಕ ಹಾಕಿದರೆ ಅದರೊಡನೆ ಕೂಡಿಕೊಂಡು ತಳಕ್ಕಿಳಿಯುತ್ತದೆಂದು ಘಟಕ ನೋಡಿಕೊಳ್ಳುವ ಹುಡುಗ ಹೇಳಿದ. ಹಾಕಿದೆವು. ಕಳೆದ ತಿಂಗಳ ವರದಿಯಲ್ಲಿ 1.8.

ಭಾನುವಾರದ ವಿಡಿಯೊ ಕರೆಯಲ್ಲಿ ಮೊಮ್ಮಗಳು ಹಲೋ ಅನ್ನುವ ಮೊದಲೇ ಕೇಳುವುದು ಅದನ್ನೇ. 1.8 ಎಂದೆ.

"ಇನ್ನೂ ಒಂದಕ್ಕೆ ಬಂದಿಲ್ವಾ ತಾತ?"

"ಇಲ್ಲ ಪುಟ್ಟಿ. ಮುಂದಿನ ತಿಂಗಳು ಎರಡನೇ ಶನಿವಾರ ಮತ್ತೆ ಸ್ಯಾಂಪಲ್ ತಗೊಂಡು ಹೋಗ್ತಾರೆ."