ಆಕಾಶದ ಆಘಾತ ತರಂಗಗಳಲ್ಲಿ ಎಂಟ್ರೊಪಿ

ಹೊಳೆಯ ನಡುವೆ ಬಂಡೆಯಿದ್ದರೆ ಮೆಲ್ಲನೆ ಹರಿಯುವ ನೀರು ಅದನ್ನು ಬಳಸಿಕೊಂಡು ಹೋಗುವುದು. ಪ್ರವಾಹವು ಅತಿವೇಗದ್ದಾದರೆ ಬಂಡೆಯನ್ನು ಮುಟ್ಟುವ ಮೊದಲೇ ನೀರು ಥಟ್ಟನೆ ಉಬ್ಬಿ ಏರಿಯಂತೆ ನಿಲ್ಲುವುದು. ನಮ್ಮ ಭೂಮಿಯ ಮುಂದೆಯೂ ಇಂಥದೊಂದು ಏರಿಯುಂಟು. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಪ್ಲಾಸ್ಮಾ, ಎಂದರೆ ವಿದ್ಯುತ್ಕಣಗಳ ಅನಿಲ, ಸತತವಾಗಿ ಹೊರಹೊಮ್ಮುತ್ತಿದೆ. ಈ ಸೌರಮಾರುತವನ್ನು ಯೂಜೀನ್ ಪಾರ್ಕರ್ ಎಂಬ ವಿಜ್ಞಾನಿ 1958ರಲ್ಲಿ ಗಣಿತದಿಂದ ಊಹಿಸಿದನು. ಭೂಮಿಯ ಕಾಂತಕ್ಷೇತ್ರವೇ ಇದಕ್ಕೆ ಅಡ್ಡಬಂಡೆ. ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 90,000 ಕಿ.ಮೀ. ದೂರದಲ್ಲಿ ಆಘಾತ ತರಂಗವು ನಿಂತಿದೆ. ಇದಕ್ಕೆ ಇಂಗ್ಲಿಷಿನಲ್ಲಿ 'ಬೌ ಷಾಕ್' ಎಂದು ಹೆಸರು. ಇಲ್ಲಿ 'ಬೌ' ಎಂದರೆ ಬಿಲ್ಲಲ್ಲ, ಹಡಗಿನ ಮುಂಭಾಗ.

ಎಂಟ್ರೊಪಿ ಎಂಬ ಶಬ್ದವನ್ನು 1865ರಲ್ಲಿ ಕ್ಲೌಸಿಯಸ್ಸನು ಗ್ರೀಕ್ ಮೂಲದಿಂದ ಕಟ್ಟಿದನು, ಮೂಲಾರ್ಥ ಪರಿವರ್ತನೆ. ಬೋಲ್ಟ್ಸ್‌ಮನ್ನನ ವಿವರಣೆಯಂತೆ, ಹೊರಗಿನ ರೂಪ ಕೆಡದಂತೆ ಒಳಗಿನ ಕಣಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂಬುದರ ಅಳತೆಯೇ ಎಂಟ್ರೊಪಿ. ಸೌರಮಾರುತದ ಕಣಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಧಾವಿಸುತ್ತವೆ. ಆಘಾತವನ್ನು ದಾಟಿದೊಡನೆ ವೇಗ ಕುಗ್ಗಿ, ಸಾಂದ್ರತೆ ಹೆಚ್ಚಿ, ಶಾಖ ಏರುತ್ತದೆ. ಸಾಲಾಗಿ ನಡೆದ ಪಡೆಯು ಜಾತ್ರೆಯ ಜನಸಂದಣಿಯಾಗುತ್ತದೆ. ಮತ್ತೆ ಹಿಂದಿನಂತಾಗುವುದು ಸಾಧ್ಯವಿಲ್ಲ. ಎಂಟ್ರೊಪಿ ಏರಿದೆಯೆಂಬುದರ ಅರ್ಥ ಇದೇ.

ತೊಡಕಿರುವುದು ಇಲ್ಲಿಯೇ. ಗಾಳಿಯಲ್ಲಿ ಒಂದು ಅಣುವು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟೂ ಚಲಿಸುವ ಮೊದಲೇ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆ. ಆ ಡಿಕ್ಕಿಗಳೇ ವ್ಯವಸ್ಥೆಯನ್ನು ಕದಡುತ್ತವೆ. ಸೌರಮಾರುತದಲ್ಲಾದರೋ ಘನ ಸೆಂಟಿಮೀಟರಿಗೆ ಸುಮಾರು ಐದು ಪ್ರೋಟಾನುಗಳು ಮಾತ್ರ. ಎರಡು ಡಿಕ್ಕಿಗಳ ನಡುವಣ ದಾರಿ ಸೂರ್ಯನಿಂದ ಭೂಮಿಗಿರುವ ದೂರದಷ್ಟು, ಸುಮಾರು 15 ಕೋಟಿ ಕಿ.ಮೀ.! ಆಘಾತದ ದಪ್ಪವಾದರೋ ಹೆಚ್ಚೆಂದರೆ ಕೆಲವು ನೂರು ಕಿ.ಮೀ. ಮಾನದ್ದು. ಡಿಕ್ಕಿಯೇ ಇಲ್ಲದೆಡೆಯಲ್ಲಿ ಕದಡುವವರು ಯಾರು?

ವಿದ್ಯುತ್ ಮತ್ತು ಕಾಂತಕ್ಷೇತ್ರಗಳೇ ಈ ಕೆಲಸ ಮಾಡುತ್ತವೆ. ಆಘಾತಕ್ಕೆ ತಾಗಿದ ಅಯಾನುಗಳಲ್ಲಿ ಕೆಲವು ಹಿಂದಕ್ಕೆ ಚಿಮ್ಮಿ, ಕಾಂತಕ್ಷೇತ್ರದ ಸುತ್ತ ತಿರುಗಿ, ಶಕ್ತಿ ಗಳಿಸಿ ಮತ್ತೆ ಒಳನುಗ್ಗುತ್ತವೆ. ಮುನ್ನುಗ್ಗುವ ಮತ್ತು ಹಿಂದೆ ಚಿಮ್ಮುವ ಪ್ರವಾಹಗಳ ಘರ್ಷಣೆಯಿಂದ ಅಲೆಗಳೆದ್ದು ಕಣಗಳನ್ನು ಚದುರಿಸುತ್ತವೆ.

ಆದರೂ ಶಂಕೆಯೊಂದು ಉಳಿಯುತ್ತದೆ. ಡಿಕ್ಕಿಯಿಲ್ಲದ ಪ್ಲಾಸ್ಮಾಕ್ಕೆ ರಷ್ಯದ ವ್ಲಾಸೊವ್ 1938ರಲ್ಲಿ ಕೊಟ್ಟ ಸಮೀಕರಣದಂತೆ ಎಂಟ್ರೊಪಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ! ಅರಿಸಿನವನ್ನೂ ಕುಂಕುಮವನ್ನೂ ಕಲಸಿದರೆ ದೂರಕ್ಕೆ ಕಿತ್ತಳೆ ಬಣ್ಣವೊಂದೇ ಕಾಣುವುದು; ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಕಣವೂ ಬೇರೆ. ಅಂತೆಯೇ ಕಣಗಳ ವೇಗವಿನ್ಯಾಸವು ಅತಿ ಸೂಕ್ಷ್ಮವಾದ ಎಳೆಗಳಾಗಿ ಸುರುಳಿಗೊಳ್ಳುತ್ತದೆ. ಎಳೆಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಎಂಟ್ರೊಪಿ ಸ್ಥಿರ. ಸ್ಥೂಲವಾಗಿ ಅಳೆದರೆ ಏರಿಕೆ. ಸ್ಥೂಲದೃಷ್ಟಿ ಎಲ್ಲಿಂದ ತೊಡಗಬೇಕೆಂಬುದು ಚಿಕ್ಕ ಪ್ರಶ್ನೆಯಲ್ಲ. 2000ದಲ್ಲಿ ಹಾರಿದ ಕ್ಲಸ್ಟರ್ ನೌಕೆಗಳೂ 2015ರಲ್ಲಿ ಹಾರಿದ ಎಂ.ಎಂ.ಎಸ್. ನೌಕೆಗಳೂ ನಾಲ್ಕುನಾಲ್ಕು ಒಟ್ಟಾಗಿ ಸಂಚರಿಸಿ ಇಂಥ ಎಳೆಗಳನ್ನು ಅಳೆಯಲು ನೆರವಾಗಿವೆ.

2007ರಲ್ಲಿ ವಾಯೇಜರ್-2 ಸೌರಮಾರುತದ ಅಂಚಿನ ಬಳಿಯ ಮಹಾ ಆಘಾತವನ್ನು ದಾಟಿತು. ಅಲ್ಲಿ ಮಾರುತವು ನಿರೀಕ್ಷಿಸಿದಷ್ಟು ಬಿಸಿಯಾಗಿರಲಿಲ್ಲ. ನಕ್ಷತ್ರಾಂತರ ಅವಕಾಶದಿಂದ ಬಂದ ಪರಮಾಣುಗಳು ಅಯಾನುಗಳಾಗಿ ಮಾರುತದೊಡನೆ ಬೆರೆತಿದ್ದವು. ಶಕ್ತಿಯ ಬಹುಪಾಲು ಅವುಗಳ ಪಾಲಾಗಿತ್ತು. ಆ ಅಯಾನುಗಳನ್ನು ನೇರವಾಗಿ ಅಳೆಯುವ ಸಾಮರ್ಥ್ಯ ನೌಕೆಯ ಪ್ಲಾಸ್ಮಾ ಮಾಪಕಕ್ಕಿರಲಿಲ್ಲ.