ಅನಂತ ಪೈಯವರೂ ಚಿತ್ರಕಥೆಯ ಪುಸ್ತಕಗಳೂ

ಪ್ರತಿ ವರುಷವೂ ಶಾಲೆಯು ತೆರೆಯುವ ತಿಂಗಳಲ್ಲಿ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಪ್ಪದೆ ಬರುವುದುಂಟು. ಚಿತ್ರಕಥೆಯ ಪುಸ್ತಕಗಳನ್ನು ಹುಡುಗಿಯರ ಕೈಗೆ ಕೊಡಬಹುದೋ ಬಾರದೋ ಎಂಬುದೇ ಆ ಪ್ರಶ್ನೆ. ಅವುಗಳ ರುಚಿ ಹತ್ತಿದ ಮಗಳು ಪಾಠದ ಪುಸ್ತಕವನ್ನು ಮುಟ್ಟುವುದೇ ಇಲ್ಲವೆಂದು ತಾಯಂದಿರು ದೂರುತ್ತಾರೆ. ತಂದೆಗಳಲ್ಲಿ ಅನೇಕರು ತಾವೇ ಬಾಲ್ಯದಲ್ಲಿ ಅವನ್ನು ರಾಶಿರಾಶಿಯಾಗಿ ಓದಿ ಬೆಳೆದವರಾದುದರಿಂದ ಪಕ್ಕದಲ್ಲಿ ಕುಳಿತು ಮೆಲ್ಲನೆ ನಗುತ್ತಾರೆಯೇ ಹೊರತು ಮಾತನಾಡುವುದಿಲ್ಲ. ಈ ಪ್ರಶ್ನೆಗೆ ಹೌದೆಂದೋ ಅಲ್ಲವೆಂದೋ ಒಂದೇ ಮಾತಿನಲ್ಲಿ ಉತ್ತರ ಕೊಡುವುದಕ್ಕಿಂತ, ಇಂಥ ಪುಸ್ತಕಗಳನ್ನು ನಮ್ಮ ದೇಶದ ಮನೆಮನೆಗೂ ತಲಪಿಸಿದ ಮಹನೀಯರ ವೃತ್ತಾಂತವನ್ನು ಇಲ್ಲಿ ಬರೆಯುವುದು ಮೇಲೆಂದು ನಮಗೆ ತೋರಿತು. ಅವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು ಎಂಬ ಸಂಗತಿಯು ನಮ್ಮ ಹುಡುಗಿಯರಲ್ಲಿ ಬಹುಮಂದಿಗೆ ತಿಳಿಯದು.

ಅನಂತ ಪೈಯವರು 1929ನೇ ಇಸವಿ ಸೆಪ್ಟೆಂಬರ್ 17ನೇ ತಾರೀಖು ಕಾರ್ಕಳದಲ್ಲಿ ಜನಿಸಿದರು. ಆಗ ಆ ಊರು ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಈಗ ಉಡುಪಿ ಜಿಲ್ಲೆಯಲ್ಲಿದೆ. ಎರಡು ವರುಷ ತುಂಬುವಷ್ಟರಲ್ಲಿ ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡ ಈ ಕೂಸು ಬಂಧುಗಳ ಆಶ್ರಯದಲ್ಲಿ ಬೆಳೆಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಮಾಹೀಮಿನ ಓರಿಯೆಂಟ್ ಶಾಲೆಯಲ್ಲಿ ಓದಿದರು. ಮುಂದೆ ರಸಾಯನಶಾಸ್ತ್ರ, ಪದಾರ್ಥವಿಜ್ಞಾನ, ರಾಸಾಯನಿಕ ತಂತ್ರವಿದ್ಯೆ ಇವುಗಳಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿಗಳನ್ನು ಪಡೆದರು. ಇಷ್ಟು ವಿಜ್ಞಾನವನ್ನು ಓದಿದವರಿಗೆ ಕಾರ್ಖಾನೆಗಳಲ್ಲಿ ಒಳ್ಳೆಯ ಸಂಬಳದ ಕೆಲಸ ಕಾದಿರುವುದು ಸರಿಯಷ್ಟೆ. ಆದರೆ ಇವರ ಮನಸ್ಸು ಅಚ್ಚುಕೂಟದ ಕಡೆಗೇ ಎಳೆಯುತ್ತಿತ್ತು. 1954ರಲ್ಲಿ ‘ಮಾನವ’ ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಲಿಲ್ಲ. ಅನಂತರ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕವಿಭಾಗದಲ್ಲಿ ಕೆಲಸಕ್ಕೆ ಸೇರಿದರು.

ಆ ಸಂಸ್ಥೆಯು 1964ರಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಎಂಬ ಮಾಲೆಯನ್ನು ಆರಂಭಿಸಿತು. ಅಮೆರಿಕದ ಲೀ ಫಾಕ್ ಎಂಬವರು ಕಲ್ಪಿಸಿದ ಫ್ಯಾಂಟಮ್ ಎಂಬ ಮುಸುಕಿನ ವೀರನ ಕಥೆಗಳನ್ನು ಅದರಲ್ಲಿ ಮುದ್ರಿಸುತ್ತಿದ್ದರು. ಪೈಯವರು ತಮ್ಮ ಮುಂದಿನ ಕಸಬನ್ನು ಕಲಿತದ್ದು ಈ ಮೇಜಿನ ಮುಂದೆಯೇ ಎಂದು ಹೇಳಬಹುದು. ಒಂದು ಪುಟವನ್ನು ಎಷ್ಟು ಚೌಕಗಳಾಗಿ ಒಡೆಯಬೇಕು, ಯಾವ ಚೌಕದಲ್ಲಿ ವೀರನ ಮುಖವನ್ನು ಸಮೀಪದಿಂದ ತೋರಿಸಬೇಕು, ಪುಟವನ್ನು ತಿರುವುವ ಬೆರಳು ಎಲ್ಲಿ ತಡೆಯದೆ ಮುಂದಕ್ಕೆ ಹೋಗುತ್ತದೆ ಎಂಬಿವೇ ಮೊದಲಾದ ಗುಟ್ಟುಗಳನ್ನು ಪರದೇಶದ ಮಾದರಿಯಿಂದಲೇ ಅವರು ತಿಳಿದುಕೊಂಡರು. ಅವರ ಪುಸ್ತಕಗಳಿಗೆ ಇನ್ನೊಂದು ಮೂಲವೂ ಉಂಟು. ರಾಜಾ ರವಿವರ್ಮನ ಚಿತ್ರಗಳಿಂದ ಇಳಿದುಬಂದು ಗೋಡೆಯ ಕ್ಯಾಲೆಂಡರುಗಳಲ್ಲಿ ನೆಲೆಸಿದ ದೇವದೇವಿಯರ ರೂಪಗಳೇ ಅದು. ಫ್ಯಾಂಟಮನ ಚೌಕದೊಳಗೆ ರವಿವರ್ಮನ ದಮಯಂತಿಯನ್ನು ಕೂರಿಸಿದರೆ ಯಾವ ಆಕಾರ ಬರುವುದೋ ಅದೇ ಪೈಯವರ ಪುಸ್ತಕಗಳ ಆಕಾರ.

1967ರ ಫೆಬ್ರುವರಿಯಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಇಟ್ಟಿದ್ದ ಟೆಲಿವಿಷನ್ ಯಂತ್ರದಲ್ಲಿ ವಿದ್ಯಾರ್ಥಿಗಳ ರಸಪ್ರಶ್ನೆಯ ಸ್ಪರ್ಧೆಯೊಂದನ್ನು ಪೈಯವರು ನೋಡುತ್ತ ನಿಂತಿದ್ದರಂತೆ. ಗ್ರೀಕರ ಪುರಾಣದ ಪ್ರಶ್ನೆಗಳಿಗೆ ಮಕ್ಕಳು ಥಟ್ಟನೆ ಉತ್ತರ ಕೊಟ್ಟರು. ಶ್ರೀರಾಮನ ತಾಯಿ ಯಾರು ಎಂದು ಕೇಳಿದಾಗ ಮಾತ್ರ ಒಬ್ಬರಿಗೂ ಬಾಯಿ ಬರಲಿಲ್ಲ. ಈ ಸಂಗತಿಯನ್ನು ಅವರು ಮುಂದೆ ಜೀವಮಾನವಿಡೀ ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಈ ದೇಶದ ಕಥೆಗಳನ್ನು ಚಿತ್ರಗಳ ಮೂಲಕ ತಿಳಿಸಬೇಕೆಂಬ ಸಂಕಲ್ಪವು ಅಲ್ಲಿಂದ ಹುಟ್ಟಿತು. ಇಂಡಿಯಾ ಬುಕ್ ಹೌಸಿನ ಜಿ. ಎಲ್. ಮೀರ್‌ಚಂದಾನಿಯವರು ಇದಕ್ಕೆ ಹಣವನ್ನು ತೊಡಗಿಸಲು ಒಪ್ಪಿದರು.

ಇಲ್ಲಿ ಕನ್ನಡಿಗರು ಅರಿತಿರಬೇಕಾದ ಒಂದು ವಿಷಯವುಂಟು. ‘ಅಮರ ಚಿತ್ರ ಕಥೆ’ ಎಂಬ ಹೆಸರು ಮುಂಬಯಿಯ ಇಂಗ್ಲಿಷ್ ಪುಸ್ತಕಗಳಿಗಿಂತ ಮೊದಲು ಕನ್ನಡದಲ್ಲಿ ಕಾಣಿಸಿಕೊಂಡಿತು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರೇರಣೆಯಿಂದ 1965ರ ಹೊತ್ತಿಗೆ ಸಿಂಡ್ರೆಲ್ಲಾ, ಪಿನೋಕಿಯೊ ಮೊದಲಾದ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಹೊರಬಂದಿದ್ದುವು. ಈ ಕಾರಣದಿಂದಲೇ ಪೈಯವರು ತಾವೇ ಬರೆದು ರಾಮ್ ವಾಯೀರ್‌ಕರ್ ಅವರಿಂದ ಚಿತ್ರ ಬರೆಯಿಸಿದ ‘ಕೃಷ್ಣ’ ಎಂಬ ಇಂಗ್ಲಿಷ್ ಪುಸ್ತಕಕ್ಕೆ ಹನ್ನೊಂದನೆಯ ಸಂಖ್ಯೆ ಬಿದ್ದಿತು. ಕೀರ್ತಿಯನ್ನು ಯಾರಿಗೆ ಎಷ್ಟು ಹಂಚಬೇಕೆಂಬ ವಿವಾದಕ್ಕೆ ನಾವು ಹೋಗುವುದಿಲ್ಲ. ಆದರೂ ಬೆಂಗಳೂರಿನ ಆ ಹತ್ತು ಪುಸ್ತಕಗಳನ್ನು ಮರೆತು ಈ ಕಥೆಯನ್ನು ಹೇಳುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಚಿತ್ರಕಥೆಯನ್ನು ಬರೆಯುವುದೆಂದರೇನು ಎಂದು ನಮ್ಮ ವಿದ್ಯಾರ್ಥಿನಿಯರು ಕೇಳುವುದುಂಟು. ಚಿತ್ರಗಾರನೇ ಎಲ್ಲವನ್ನೂ ಮಾಡುತ್ತಾನೆ, ಲೇಖಕನಿಗೆ ಏನು ಕೆಲಸ ಎಂದು ಅವರ ಭಾವನೆ. ವಾಸ್ತವದಲ್ಲಿ ಚಿತ್ರಗಾರನ ಕೈಗೆ ಬರುವ ಮೊದಲೇ ಇಡೀ ಪುಸ್ತಕವು ಲೇಖಕನ ಕಾಗದದಲ್ಲಿ ಮುಗಿದಿರುತ್ತದೆ. ಇಂಥ ಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟಗಳು. ಮಹಾಕಾವ್ಯವಾದರೂ ಸರಿ, ಚಕ್ರವರ್ತಿಯ ಚರಿತ್ರೆಯಾದರೂ ಸರಿ, ಅಷ್ಟರೊಳಗೆ ಹಿಡಿಯಬೇಕು. ಲೇಖಕನು ಒಂದೊಂದು ಚೌಕಕ್ಕೂ ಮೂರು ಸಂಗತಿಗಳನ್ನು ಗೊತ್ತುಮಾಡುತ್ತಾನೆ: ಕಣ್ಣಿಗೆ ಏನು ಕಾಣಬೇಕು, ಮೇಲಿನ ಪಟ್ಟಿಯಲ್ಲಿ ಕಥೆಗಾರನ ಮಾತು ಏನು, ಪಾತ್ರದ ಬಾಯಿಂದ ಹೊರಡುವ ಬುಗ್ಗೆಯೊಳಗೆ ಏನು ಬರೆಯಬೇಕು. ಚಿತ್ರವು ತೋರಿಸಿದುದನ್ನು ಮಾತು ಮತ್ತೆ ಹೇಳಬಾರದು. ಮಾತು ಹೇಳಲಾರದುದನ್ನು ಚಿತ್ರಕ್ಕೆ ಬಿಡಬೇಕು. ಬುಗ್ಗೆಯಲ್ಲಿ ಇಪ್ಪತ್ತು ಶಬ್ದಗಳಿಗಿಂತ ಹೆಚ್ಚು ತುಂಬಿದರೆ ಪಾತ್ರದ ಮುಖಕ್ಕೆ ಸ್ಥಳವಿರುವುದಿಲ್ಲ. ಶಬ್ದವನ್ನು ಹೀಗೆ ತೂಗಿ ನೋಡುವ ಅಭ್ಯಾಸವು ನಮ್ಮ ಪ್ರಬಂಧದ ಪುಸ್ತಕಗಳಲ್ಲಿ ಸ್ವಲ್ಪ ಬಂದರೂ ಉಪಾಧ್ಯಾಯಿನಿಯರ ಕೆಂಪು ಮಸಿ ಬಹಳ ಉಳಿಯುತ್ತಿತ್ತು!

ಪೈಯವರ ಅಭಿರುಚಿ ಎಂಥದೆಂಬುದು ಅವರು ಬಿಟ್ಟ ವಿಷಯಗಳಲ್ಲಿ ಹೆಚ್ಚು ತಿಳಿಯುತ್ತದೆ. ಸತ್ಯವನ್ನಾದರೂ ಹಿತವಾಗಿಯೇ ಹೇಳಬೇಕೆಂಬ ಅರ್ಥದ ಸಂಸ್ಕೃತ ವಚನವೊಂದನ್ನು ಅವರು ಆಗಾಗ್ಗೆ ಉದಾಹರಿಸುತ್ತಿದ್ದರು. ವಿಜ್ಞಾನವನ್ನು ಓದಿದ ಅವರ ಬುದ್ಧಿಗೆ ಪವಾಡಗಳು ಮೊದಮೊದಲು ಒಗ್ಗಲಿಲ್ಲ. ‘ಕೃಷ್ಣ’ ಪುಸ್ತಕದ ಮೊದಲ ಮುದ್ರಣದಲ್ಲಿ ಬಾಲಕೃಷ್ಣನು ಗೋವರ್ಧನ ಪರ್ವತವನ್ನು ಬೆರಳಿನಿಂದ ಎತ್ತುವುದನ್ನು ಅವರು ಚಿತ್ರದಲ್ಲಿ ತೋರಿಸಲೇ ಇಲ್ಲ. ಓದುವವರು ಇದನ್ನು ಒಪ್ಪಲಿಲ್ಲ. ಮುಂದಿನ ಪರಿಷ್ಕೃತ ಮುದ್ರಣದಲ್ಲಿ ಪರ್ವತವು ಮೇಲಕ್ಕೆ ಎದ್ದಿತು. ಮಕ್ಕಳ ಲೇಖಕನು ಮಕ್ಕಳಿಂದಲೂ ಅವರ ಹಿರಿಯರಿಂದಲೂ ತಿದ್ದಿಸಿಕೊಳ್ಳಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಮೊದಲು ಪುಸ್ತಕಗಳು ನಿಧಾನವಾಗಿಯೇ ಮಾರಾಟವಾದುವು. ಚಿತ್ರವಿದ್ದರೆ ವಿದ್ಯೆಯಿಲ್ಲ ಎಂಬ ಭಾವನೆಯು ಉಪಾಧ್ಯಾಯರಲ್ಲಿ ಗಟ್ಟಿಯಾಗಿತ್ತು. ಆದುದರಿಂದ ಪೈಯವರು ಶಾಲೆಗಳ ಮುಖ್ಯಸ್ಥರನ್ನೇ ಒಲಿಸುವ ಯತ್ನ ಮಾಡಿದರು. 1978ರಲ್ಲಿ ದೆಹಲಿಯಲ್ಲಿ ಶಾಲಾಶಿಕ್ಷಣದಲ್ಲಿ ಚಿತ್ರಕಥೆಯ ಸ್ಥಾನವನ್ನು ಕುರಿತು ವಿಚಾರಗೋಷ್ಠಿಯೊಂದು ಜರುಗಿತು. ಅದಕ್ಕೆ ಸಂಬಂಧಪಟ್ಟಂತೆ ಆ ನಗರದ ಶಾಲೆಗಳಲ್ಲಿ ಕೆಲವು ಮಕ್ಕಳಿಗೆ ಚರಿತ್ರೆಯನ್ನು ಪಠ್ಯಪುಸ್ತಕದಿಂದಲೂ ಕೆಲವರಿಗೆ ಚಿತ್ರಕಥೆಯಿಂದಲೂ ಕಲಿಸಿ ಪರೀಕ್ಷಿಸಿದಾಗ ಚಿತ್ರಕಥೆಯವರೇ ಮುಂದಾದರು. ತರಬೇತಿ ಪಡೆದ ಉಪಾಧ್ಯಾಯಿನಿಯಾಗಿ ನಾವು ಇದನ್ನು ಸ್ವಲ್ಪ ತಡೆದು ಓದುತ್ತೇವೆ. ಯಾಕೆಂದರೆ ಹೊಸ ಸಾಧನವು ಯಾವುದೇ ಆಗಲಿ, ಮೊದಲ ವಾರದಲ್ಲಿ ಮಕ್ಕಳನ್ನು ಹಿಡಿಯುತ್ತದೆ. ಒಂದು ವರುಷದ ಮೇಲೆ ಏನು ಉಳಿಯಿತೆಂದು ನೋಡುವುದು ಬೇರೆ ಮಾತು. ಆದರೆ ನಮ್ಮ ತರಗತಿಗಳಲ್ಲಿ ನಾವು ಕಂಡುದನ್ನೂ ಹೇಳಬೇಕು: ಚಾಂದ್ ಬೀಬಿ ಎಂಬ ಹೆಸರನ್ನು ಕೇಳಿದೊಡನೆ ಕೈಯೆತ್ತುವ ಹುಡುಗಿಯರು ಸಾಮಾನ್ಯವಾಗಿ ಅದನ್ನು ಚಿತ್ರದ ಪುಸ್ತಕದಲ್ಲಿ ಓದಿದವರೇ ಆಗಿರುತ್ತಾರೆ.

ಹೆಣ್ಣುಮಕ್ಕಳ ಶಾಲೆಯವರಾದ ನಾವು ಈ ಪುಸ್ತಕಗಳಲ್ಲಿ ಹೆಂಗಸರು ಹೇಗಿದ್ದಾರೆಂಬುದನ್ನು ನೋಡದೆ ಬಿಡಲಾರೆವು. ಒಂದು ಕಡೆ ಝಾನ್ಸಿಯ ರಾಣಿ, ರಾಣಿ ದುರ್ಗಾವತಿ, ಸುಲ್ತಾನಾ ರಜಿಯಾ, ಅಹಲ್ಯಾಬಾಯಿ ಹೋಳ್ಕರ್ ಇವರು ಕುದುರೆಯನ್ನೇರಿ, ನ್ಯಾಯಪೀಠದಲ್ಲಿ ಕುಳಿತು ಪುಟಗಳನ್ನು ಬೆಳಗುತ್ತಾರೆ. ಇನ್ನೊಂದು ಕಡೆ ಸಾವಿತ್ರಿ, ಪದ್ಮಿನಿ ಮೊದಲಾದವರಲ್ಲಿ ಪತಿಗಾಗಿ ಸಹಿಸುವುದೇ ಪರಮಧರ್ಮವೆಂಬಂತೆ ಕಾಣುತ್ತದೆ. ಭಕ್ತೆಯಾದ ಮೀರಾಬಾಯಿಯನ್ನು ಕೂಡ ಆದರ್ಶ ಗೃಹಿಣಿಯನ್ನಾಗಿ ಮಾಡಿಬಿಟ್ಟರೆಂದು ವಿದ್ವಾಂಸರು ಆಕ್ಷೇಪಿಸಿದ್ದಾರೆ, ಆಕ್ಷೇಪವು ಸರಿಯಾದದ್ದೇ. ಇನ್ನೊಂದು ದೋಷವು ಕಣ್ಣಿಗೇ ಹೊಡೆಯುವಂಥದು. ಒಳ್ಳೆಯವರೆಲ್ಲ ಬೆಳ್ಳಗೆ, ರಾಕ್ಷಸರೂ ದುಷ್ಟರೂ ಕಪ್ಪಗೆ! ಬಿಸಿಲಿನ ನಾಡಿನಲ್ಲಿ ಹುಟ್ಟಿದ ಕಂದುಬಣ್ಣದ ಹುಡುಗಿಯು ಈ ಬಣ್ಣಗಳಿಂದ ಏನನ್ನು ಕಲಿಯುತ್ತಾಳೆಂದು ಚಿತ್ರಗಾರರು ಯೋಚಿಸಿದಂತಿಲ್ಲ. ಹಿತವಾದುದನ್ನೇ ಹೇಳಬೇಕೆಂಬ ಪೈಯವರ ನಿಯಮವು ಇಲ್ಲಿ ಯಾರಿಗೆ ಹಿತ ಎಂಬ ಪ್ರಶ್ನೆಗೆ ಎಡೆಕೊಡುತ್ತದೆ. ಇಷ್ಟಾದರೂ ಆ ಕಾರ್ಯಾಲಯದಲ್ಲಿ ಹೆಂಗಸರಿಗೆ ಲೇಖನಿಯು ದೊರೆಯಿತು ಎಂಬುದನ್ನು ಮರೆಯಲಾಗದು. ಕಮಲಾ ಚಂದ್ರಕಾಂತ್ ಅವರು ಸಂಪಾದಕವರ್ಗದಲ್ಲಿದ್ದು ಅನೇಕ ಪುಸ್ತಕಗಳನ್ನು ಬರೆದರು. ಮಾರ್ಗಿ ಶಾಸ್ತ್ರಿ, ಟೋನಿ ಪಟೇಲ್ ಮೊದಲಾದವರೂ ಬರೆದರು. ಮಹಾಭಾರತವನ್ನು 42 ಸಂಚಿಕೆಗಳಾಗಿ ಹೊರತಂದ ದೊಡ್ಡ ಕೆಲಸದ ಹಿಂದೆಯೂ ಇಂಥ ಕೈಗಳಿದ್ದುವು.

ಮತಗಳ ವಿಷಯದಲ್ಲಿ ಪೈಯವರು ಬಾಗಿಲನ್ನು ಮುಚ್ಚಿದವರಲ್ಲ. ಬುದ್ಧ, ಮಹಾವೀರ, ಗುರು ನಾನಕ್ ಇವರ ಚರಿತ್ರೆಗಳ ಸಂಗಡ ಯೇಸುಕ್ರಿಸ್ತನ ಚರಿತ್ರೆಯೂ ಆ ಮಾಲೆಯಲ್ಲಿ ಬಂದಿತು. ಆದರೂ ಒಟ್ಟು ಪಟ್ಟಿಯಲ್ಲಿ ರಾಜರೂ ಪುರಾಣಪುರುಷರೂ ಬಹಳ, ಕೈಕೆಲಸದವರೂ ಬೇಸಾಯಗಾರರೂ ಬಹಳ ಕಡಿಮೆ.

ಅವರ ಬೇರೆ ಉದ್ಯಮಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1969ರಲ್ಲಿ ಪತ್ರಿಕೆಗಳಿಗೆ ಚಿತ್ರಮಾಲಿಕೆಗಳನ್ನು ಒದಗಿಸುವ ‘ರಂಗ್ ರೇಖಾ ಫೀಚರ್ಸ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಬಾಲವನ್ನು ಬೇಕಾದಷ್ಟು ಉದ್ದಮಾಡಬಲ್ಲ ಕಪೀಶನೆಂಬ ಕೋತಿಯು ಅವರ ಕಲ್ಪನೆಯದೇ. 1978ರಲ್ಲಿ ಮಕ್ಕಳ ವ್ಯಕ್ತಿತ್ವವಿಕಾಸಕ್ಕಾಗಿ ‘ಪಾರ್ಥ’ ಸಂಸ್ಥೆಯನ್ನು ಸ್ಥಾಪಿಸಿದರು.

1980ರಲ್ಲಿ ಹೊರಟ ‘ಟಿಂಕಲ್’ ಪತ್ರಿಕೆಯ ಮಾತು ಬೇರೆ. ಪುರಾಣದ ಗಾಂಭೀರ್ಯವನ್ನು ಇಲ್ಲಿ ಬದಿಗಿಟ್ಟು ನಗುವಿಗೆ ಮನೆಯನ್ನು ಬಿಟ್ಟುಕೊಟ್ಟರು. ಹೇಳಿದ ಮಾತನ್ನು ಅಕ್ಷರಶಃ ನಡೆಸಿ ಯಜಮಾನನ ತಲೆ ಕೆಡಿಸುವ ಸುಪ್ಪಾಂಡಿ, ಕಣ್ಣು ಮುಚ್ಚುವಂತೆ ಟೋಪಿಯನ್ನಿಟ್ಟುಕೊಂಡು ಹೆದರಿ ಓಡುತ್ತಲೇ ವೀರನೆನಿಸಿಕೊಳ್ಳುವ ಶಿಕಾರಿ ಶಂಭು ಇವರನ್ನು ಬಲ್ಲದ ಮಗುವಿಲ್ಲ. ಸುಪ್ಪಾಂಡಿಯ ಕಥೆಗಳು ಮೊದಲು ತಮಿಳುನಾಡಿನ ಓದುಗರೊಬ್ಬರ ಕಾಗದದಲ್ಲಿ ಬಂದುವಂತೆ. ಮಕ್ಕಳು ತಾವೇ ಕಥೆಗಳನ್ನು ಕಳುಹಿಸಿ, ತಮ್ಮ ಹೆಸರನ್ನು ಅಚ್ಚಿನಲ್ಲಿ ಕಾಣುವ ಭಾಗ್ಯವನ್ನು ಆ ಪತ್ರಿಕೆಯು ಕೊಟ್ಟಿತು. ಪೈಯವರಿಗೂ ಅವರ ಪತ್ನಿ ಲಲಿತಾ ಅವರಿಗೂ ಮಕ್ಕಳಿರಲಿಲ್ಲ. ದೇಶದ ಮೂಲೆಮೂಲೆಯಿಂದ ‘ಅಂಕಲ್ ಪೈ’ ಎಂದು ಸಂಬೋಧಿಸಿ ಬರುತ್ತಿದ್ದ ಕಾಗದಗಳಿಗೆ ಉತ್ತರ ಬರೆಯುವುದು ಅವರಿಗೆ ಬಹು ಪ್ರಿಯವಾದ ಕೆಲಸವಾಗಿತ್ತು.

ಇನ್ನು ಪೋಷಕರ ಪ್ರಶ್ನೆಗೆ ಬರೋಣ. ನಮ್ಮ ಪುಸ್ತಕಭಂಡಾರದಲ್ಲಿ ಈ ಪುಸ್ತಕಗಳನ್ನು ಬೀಗದೊಳಗೆ ಇಟ್ಟಿಲ್ಲ. ಹುಡುಗಿಯರ ಕೈಗೆ ಎಟಕುವ ಕೆಳಗಿನ ಹಲಗೆಯಲ್ಲಿಯೇ ಇಟ್ಟಿದ್ದೇವೆ. ಅದೇ ವ್ಯಕ್ತಿಯ ವಿಷಯವಾಗಿ ಚಿತ್ರವಿಲ್ಲದ ಪುಸ್ತಕವೊಂದನ್ನೂ ಅದರ ಪಕ್ಕದಲ್ಲಿ ನಿಲ್ಲಿಸಿರುತ್ತೇವೆ. ಎರಡನ್ನೂ ಓದಿದವಳಿಗೆ ಒಂದು ಕೆಲಸ ಕೊಡುತ್ತೇವೆ. ಚಿತ್ರದ ಪುಸ್ತಕವು ಯಾವುದನ್ನು ಬಿಟ್ಟಿತು, ಬಿಟ್ಟದ್ದು ಏತಕ್ಕೆ ಎಂದು ಅವಳು ಒಂದು ಪುಟ ಬರೆಯಬೇಕು. ಮೀರಾಬಾಯಿಯ ಮೇಲೆ ಬಂದ ಉತ್ತರಗಳನ್ನು ಓದುತ್ತ ಉಪಾಧ್ಯಾಯಿನಿಯರು ಮಧ್ಯಾಹ್ನದ ಊಟವನ್ನೇ ಮರೆತದ್ದುಂಟು. ಮನೆಯಲ್ಲಿಯೂ ತಾಯಂದಿರು ಪುಸ್ತಕವನ್ನು ಕಸಿದುಕೊಳ್ಳುವ ಬದಲು ಮಗಳ ಪಕ್ಕದಲ್ಲಿ ಕುಳಿತು ಒಮ್ಮೆ ಓದಿ, ಈ ರಾಕ್ಷಸನಿಗೆ ಈ ಬಣ್ಣವೇಕೆ ಎಂದು ಕೇಳಬೇಕೆಂದು ನಮ್ಮ ವಿನಂತಿ.

ಪೈಯವರ ಮಾಲೆಯಲ್ಲಿ 400ಕ್ಕೂ ಮೀರಿದ ಪುಸ್ತಕಗಳು ಹೊರಬಂದು, ಸುಮಾರು 20 ಭಾಷೆಗಳಲ್ಲಿ ಒಟ್ಟು ಹತ್ತು ಕೋಟಿಯಷ್ಟು ಪ್ರತಿಗಳು ಮಾರಾಟವಾದುವೆಂದು ಲೆಕ್ಕ ಹೇಳುತ್ತಾರೆ. 2011ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಚಿತ್ರಕಥೆಗಳ ಮೇಳದಲ್ಲಿ ಅವರ ಜೀವಮಾನದ ಸಾಧನೆಗೆ ಪ್ರಶಸ್ತಿ ದೊರೆಯಿತು. ಅದಾದ ಕೆಲವೇ ದಿನಗಳಲ್ಲಿ, ಆ ತಿಂಗಳ 24ನೇ ತಾರೀಖು, ಮುಂಬಯಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ಆಗ 81 ವರುಷ. ಅದೇ ವರುಷ ಸೆಪ್ಟೆಂಬರ್ 17ರಂದು ಗೂಗಲ್ ಸಂಸ್ಥೆಯು ತನ್ನ ಭಾರತದ ಮುಖಪುಟದಲ್ಲಿ ತನ್ನ ಹೆಸರನ್ನು ಚಿತ್ರಕಥೆಯ ರೂಪದಲ್ಲಿ ಬರೆಯಿಸಿ ಅವರ ಹುಟ್ಟುಹಬ್ಬವನ್ನು ಆಚರಿಸಿತು.